ಮೋನು ಕಾಕನ ಹೋಟೆಲಿಗೊಂದು ಟಿಕೇಟು

ನಮ್ಮ ಕಡೆ ಬಸ್ಸಿನಿಂದ ಇಳಿಯಲು ಟಿಕೇಟೊಂದಿದ್ದರೆ ಸಾಲದು, ಸತ್ತವರ ಪರಿಚಯವೂ ಬೇಕು. ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಿ: ಕಂಡಕ್ಟರ್ ಕೂಗುವ ಅಶ್ವತ್ಥಕಟ್ಟೆಯಲ್ಲಿ ಅಶ್ವತ್ಥವೂ ಇಲ್ಲ, ಕಟ್ಟೆಯೂ ಇಲ್ಲ, ಕ್ರಿಶ್ಚಿಯನ್ ಪೊರ್ಬುಗಳ ಗೇಟಿನ ಗೇಟನ್ನು ಗುಜರಿಯವನು ಒಯ್ದು ಯಾವ ಕಾಲವಾಯಿತೋ! ಬಂಟ್ವಾಳದ ಕಡೆಗೆ ಹೋದರೂ ಇದೇ ಹಣೆಬರಹ.

ನಮ್ಮ ನಿಲ್ದಾಣ ಮೋನು ಕಾಕನ ಹೋಟೆಲ್. ಬ್ಯಾರಿ ಮುಸ್ಲಿಮರ ಹಿರಿಯರನ್ನು ನಾವೆಲ್ಲ ಕಾಕ ಎನ್ನುವುದು ರೂಢಿ. ಆ ಕಾಕ ತೀರಿಕೊಂಡು, ರಸ್ತೆ ಅಗಲವಾದಾಗ ಹೋಟೆಲೂ ನೆಲಸಮವಾಗಿ ವರ್ಷಗಳೇ ಸಂದಿದ್ದವು. ಹೈಸ್ಕೂಲಿನಲ್ಲಿ ಚರಿತ್ರೆ ಬೋಧಿಸಿ ಕೆಟ್ಟುಹೋದ ನನಗೆ ಇದು ಸಹ್ಯವಾಗುತ್ತಿರಲಿಲ್ಲ. ಬಸದಿ, ಅರಮನೆ, ಶಾಸನಗಳಿಂದ ಸಮೃದ್ಧವಾದ ಸೀಮೆಯಲ್ಲಿದ್ದುಕೊಂಡು, ವಿಳಾಸ ಕೇಳಿದವರಿಗೆ ಚಹಾ-ಬನ್ಸಿನ ಅಂಗಡಿಯೊಂದರ ಹೆಸರು ಹೇಳಬೇಕೆ? ತೊಂಬತ್ತರ ದಶಕದ ಕೊನೆಯಲ್ಲಿ ಯುವಕ ಮಂಡಲದವರು ತಂಗುದಾಣ ಕಟ್ಟಿದಾಗ, ಗುಡ್ಡದ ಮೇಲಿನ ಪಾಳುಬಸದಿಯ ಗೌರವಾರ್ಥ 'ಜಿನಪುರ' ಎಂಬ ಹೆಸರನ್ನು ನಾನೇ ಸೃಷ್ಟಿಸಿ, ನಾನೇ ಅನುಮೋದಿಸಿ, ಎದುರು ನಿಂತು ಫಲಕ ಬರೆಸಿದೆ.

ಯಾರೂ ವಿರೋಧಿಸಲಿಲ್ಲ. ವಿರೋಧಿಸಿದ್ದರೆ ವಾದಿಸಿ ಗೆಲ್ಲಬಹುದಿತ್ತು! "ಲಾಯ್ಕ ಉಂಟು ಮಾಸ್ಟ್ರೇ" ಎಂದು ಹೊಗಳಿದವರೇ ಆ ಫಲಕದ ಕೆಳಗೆ ಕುಳಿತು, ತಾವು ಮೋನು ಕಾಕನ ಹೋಟೆಲಿನಲ್ಲಿ ಬಸ್ಸಿಗೆ ಕಾಯುತ್ತಿರುವುದಾಗಿ ಹೇಳಿಕೊಳ್ಳುತ್ತಿದ್ದರು. ಒಮ್ಮೆ ನನ್ನ ಮಗಳನ್ನು ನೋಡಲು ಬೆಳ್ತಂಗಡಿಯಿಂದ ಹೊರಟ ಗಂಡಿನ ಕಡೆಯವರಿಗೆ ನಾನು ಫೋನಿನಲ್ಲಿ ಜಿನಪುರದಲ್ಲಿ ಇಳಿಯಿರೆಂದಿದ್ದೆ. "ಅಂಥ ಊರು ಈ ರೂಟಲ್ಲೇ ಇಲ್ಲ" ಎಂದ ಕಂಡಕ್ಟರ್ ಅವರನ್ನು ಸೀದಾ ಮೂಡುಬಿದಿರೆಗೆ ಮುಟ್ಟಿಸಿದ. ಇತ್ತ ಶೀರಾ ತಣಿದು ಇಟ್ಟಿಗೆಯಾಯಿತು, ಅತ್ತ ಹೆಂಡತಿ ಕಾದು ಕೆಂಡವಾದಳು.

ರೇಗಿಹೋಗಿತ್ತು ನನಗೆ. ಮರುದಿನವೇ, ಹಳೆಯ ಹೆಸರನ್ನು ಇನ್ನು ಮುಂದೆ ಕೂಗಕೂಡದೆಂದು ಬಸ್ಸಿನ ಮಾಲಿಕರಿಗೆ ಒಂದು ಉಗ್ರ ಅರ್ಜಿ ಬರೆದು, ಊರವರ ಸಹಿಗಾಗಿ ತಂಗುದಾಣದಲ್ಲಿ ನಿಂತೆ. ಬೇಡವೆಂದರೆ ನಾನು ಬಿಡುವವನಲ್ಲವೆಂದು ಎಲ್ಲರಿಗೂ ಗೊತ್ತಿತ್ತು, ಸಹಿಗಳು ಬಿದ್ದವು. ಆಗ ಬಸ್ಸಿನಿಂದ ಪೆಟ್ಟಿಗೆ ಸಮೇತ ಇಳಿದವನು ಹಮೀದ್, ಮೋನು ಕಾಕನ ಮಗ, ನನ್ನ ಹಳೆಯ ಶಿಷ್ಯ. ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ. ಹುಮ್ಮಸ್ಸಿನಲ್ಲಿ ಅವನ ಕೈಗೂ ಅರ್ಜಿ ಕೊಟ್ಟೆ. ಪೂರ್ತಿ ಓದಿ, ಪೆನ್ನಿಗಾಗಿ ಜೇಬು ತಡವಿದ.

"ಸಹಿ ಹಾಕ್ತೇನೆ ಮಾಸ್ಟ್ರೇ, ಕಲಿಸಿದವರು ನೀವು. ಆದ್ರೆ ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಈಗ ಇಲ್ಲಿ ನಮ್ಮ ಬಾಪನೂ ಇಲ್ಲ, ಅಂಗಡಿಯೂ ಇಲ್ಲ. ಕಂಡಕ್ಟರ್ ಬಾಪನ ಹೆಸರು ಕೂಗುವಾಗ ಮಾತ್ರ ನನಗೆ ಊರಿಗೆ ಬಂದ ಹಾಗೆ ಆಗುವುದು."

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು: ಇಂಥ ಮಾತನ್ನು ಫಲಕ ಬರೆಸುವ ಮೊದಲೇ ಯಾರಾದರೂ ಹೇಳಬಾರದಿತ್ತೆ? ಅರ್ಜಿಯನ್ನು ಅವನ ಕೈಯಿಂದ ಕಿತ್ತುಕೊಂಡು ಮಡಚಿ ಜೇಬಿಗಿಟ್ಟೆ. "ಇಂಕು ಸರಿ ಇಲ್ಲ ಮಾರಾಯ, ನೀನು ಮನೆಗೆ ಹೋಗು" ಎಂದೆ.

ಜಿನಪುರದ ಫಲಕ ಈಗಲೂ ಉಂಟು, ಓದುವವರಿಲ್ಲ. ದಾರಿ ತಪ್ಪಿದ್ದ ನೆಂಟರು ಕೊನೆಗೂ ಬಂದು ಮಗಳನ್ನು ಒಪ್ಪಿದ ಬಳಿಕ, ನಾನು ಮದುವೆಯ ಕಾಗದ ಹಂಚಲು ಹೋಗಿ ಸಂಜೆ ಬಸ್ಸಿನಲ್ಲಿ ಹಿಂದಿರುಗುವಾಗ ಅದೇ ಕಂಡಕ್ಟರ್ ಹಲ್ಲು ಕಿರಿಯುತ್ತ ಹತ್ತಿರ ಬಂದ.

"ಜಿನಪುರಕ್ಕಾ ಮಾಸ್ಟ್ರೇ?"

"ಅದೆಲ್ಲಿ ಉಂಟು ಮಾರಾಯ? ಮೋನು ಕಾಕನ ಹೋಟೆಲಿಗೆ ಒಂದು ಕೊಡು. ಬಂದಾಗ ಸ್ವಲ್ಪ ಗಟ್ಟಿಯಾಗಿ ಕೂಗು."