ಬೆಚ್ಚಗಿನ ಬಾನೆಟ್

ಬೆಕ್ಕು ಬಾನೆಟ್ಟಿನ ಮಧ್ಯದಲ್ಲಿ ಮೈಚೆಲ್ಲಿ ಮಲಗಿತ್ತು. ಅದನ್ನು ಓಡಿಸಿ ಅದೇ ಜಾಗದಲ್ಲಿ ಕೈಯಿಟ್ಟೆ. ಬೆಕ್ಕು ಮಲಗಿರದ ಕಡೆಯೂ ತಗಡು ಬೆಚ್ಚಗಿತ್ತು.

ನಮ್ಮ ಬಿಲ್ಡಿಂಗಿನ ಕಂಪೌಂಡಿಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಅಕ್ಕಪಕ್ಕದ ಕಾರುಗಳನ್ನು ಮುಟ್ಟಿ ನೋಡಿದೆ, ಎಲ್ಲವೂ ತಣ್ಣಗಿದ್ದವು. ನಮ್ಮ ಕಾರು ಹಿಂದಿನ ಭಾನುವಾರದಿಂದ ನಿಂತಲ್ಲೇ ನಿಂತಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಓಡಿಸಬಲ್ಲವಳು ಮನೆಯಲ್ಲಿ ನಾನೊಬ್ಬಳೇ.

ನಾನು ಕೆಳಗೆ ಬಂದದ್ದು ಕಿಲೋಮೀಟರ್ ನೋಡಲು. ನಮ್ಮ ಹಿಂದಿನ ಗಲ್ಲಿಯಲ್ಲಿ ವಿಜಯಪುರದ ಕಡೆಯ ಮೆಕ್ಯಾನಿಕ್ ಒಬ್ಬರ ಗ್ಯಾರೇಜ್ ಇದೆ. ಜೋಗೇಶ್ವರಿಗೆ ನಾವು ಬಂದಾಗಿನಿಂದ ಕಾರು ಅವರ ಕೈಯಲ್ಲೇ ಇದೆ. ಟೈಮಿಂಗ್ ಬೆಲ್ಟ್ ಹಳತಾಗಿದೆ ಎಂದು ಅವರು ಹಿಂದಿನ ದಿನ ಹೇಳಿದ್ದರು. ಇಂಜಿನ್ನಿನ ಒಳಭಾಗಗಳು ಒಂದಕ್ಕೊಂದು ಬಡಿಯದಂತೆ ಹಿಡಿದಿಡುವ ಹಲ್ಲುಹಲ್ಲಿನ ರಬ್ಬರ್ ಪಟ್ಟಿ ಅದು.

“ಅದು ಹೋಗೂಮುಂದ ಹೇಳಿ ಹೋಗಂಗಿಲ್ರಿ ಅಕ್ಕಾರ. ಆವಾಜಿಲ್ಲ, ಏನಿಲ್ಲ. ಹರೀತಂದ್ರ ಇಂಜಿನ್ ಖಲಾಸ್.”

“ಹಾಗಾದ್ರೆ ಬದಲಾಯಿಸಬೇಕಾ?”

“ಗಾಡಿ ಮಾರಾಕತ್ತೀರಲ್ಲ. ಎಷ್ಟ ಓಡೈತಿ ನೋಡ್ರಿ. ಕಮ್ಮಿ ಓಡಿದ್ರ ಹಂಗ ಕೊಟ್ಟಬಿಡ್ರಿ.”

ಮಾರುವ ವಿಷಯ ಅವ್ವನಿಗೆ ತಿಳಿಸಿರಲಿಲ್ಲ. ಎಲ್ಲ ನಿಕ್ಕಿಯಾದ ಮೇಲೆ ಹೇಳಿದರಾಯಿತು ಎಂದುಕೊಂಡಿದ್ದೆ.

ಬಾಗಿಲು ತೆರೆದೆ. ಒಳಗೆ ಎಸಿಯ ತಂಪು ಇನ್ನೂ ಉಳಿದಿತ್ತು. ಕಿಲೋಮೀಟರ್ ಕಮ್ಮಿಯೇ ಇತ್ತು; ಮೆಕ್ಯಾನಿಕ್‌ಗೆ ಹಾಗೆಂದು ಮೆಸೇಜ್ ಮಾಡಿದೆ. ಮೀಟರ್ ಭಾನುವಾರದಿಂದ ಮುಂದೆ ಹೋಗಿರಲಿಲ್ಲ. ಆದರೆ ಅಂದು ನಾನೇ ತುಂಬಿಸಿದ್ದ ಡೀಸೆಲ್‌ನ ಮುಳ್ಳು ಕೆಳಗಿಳಿದಿತ್ತು. ಟ್ಯಾಂಕಿನ ಮುಚ್ಚಳ ಬಿಗಿಯಾಗಿತ್ತು, ಬೀಗಗಳು ಸರಿಯಾಗಿದ್ದವು. ಯಾರೋ ಈಗಷ್ಟೇ ಎದ್ದುಹೋದ ಕೋಣೆಯಲ್ಲಿ ಕೂತಂತೆ ಅನ್ನಿಸಿ ಬೇಗನೆ ಇಳಿದೆ.

ಮರುದಿನ ಬೆಳಕು ಹರಿಯುವ ಮುಂಚೆಯೇ ಎದ್ದೆ. ಅವ್ವನ ಹಾಸಿಗೆ ಖಾಲಿಯಿತ್ತು; ಅದು ಅವಳು ವಾಕಿಂಗ್ ಹೋಗುವ ಹೊತ್ತು. ಮೆಟ್ಟಿಲಿಳಿಯುವಾಗಲೇ ಇಂಜಿನ್ನಿನ ಸದ್ದು ಕೇಳಿಸಿತು. ಅದು ನಮ್ಮದೇ ಕಾರು ಎಂದು ಗುರುತಿಸಲು ನಾನು ನೋಡಬೇಕಾಗಿರಲಿಲ್ಲ.

ಸ್ಟೀರಿಂಗಿನ ಹಿಂದೆ ಯಾರೂ ಇರಲಿಲ್ಲ. ಎಡಗಡೆಯ ಸೀಟಿನಲ್ಲಿ ಅವ್ವ ಕೂತಿದ್ದಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ರಸ್ತೆ ನೋಡುವವಳಂತೆ ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಆಮೇಲೆ ಬಲಕ್ಕೆ ತಿರುಗಿ ಏನೋ ಹೇಳಿದಳು. ಉತ್ತರ ಬರುವಷ್ಟು ಹೊತ್ತು ಸುಮ್ಮನಿದ್ದು, ತಲೆಯಾಡಿಸಿದಳು.

ನಾನು ಗಾಜು ತಟ್ಟಿದೆ. ಅವಳು ಬೆಚ್ಚಲಿಲ್ಲ, ಗಾಜನ್ನು ಅರ್ಧ ಇಳಿಸಿದಳು.

“ಅವ್ವಾ, ಏನ್ ಮಾಡ್ತಾ ಇದ್ದಿ?”

“ದಿನಾ ಒಂದಿಷ್ಟು ಚಾಲೂ ಇಡಬೇಕು, ಇಲ್ಲಂದ್ರ ಬ್ಯಾಟರಿ ಸಾಯ್ತೈತಿ ಅಂತಿದ್ರು ನಿಮ್ಮಪ್ಪ. ಅವರಿಲ್ಲಂತ ಸಾಯಾಕ ಬಿಡ್ಲೇನು?”

“ಯಾರ ಜೊತೆ ಮಾತಾಡ್ತಿದ್ದಿ?”

“ಇಂಜಿನ್ ಸಪ್ಪಳದಾಗ ನಿನಗ ಹ್ಯಾಂಗ ಕೇಳಸ್ತು?”

ಅವಳು ಗಾಜನ್ನು ಪೂರ್ತಿ ಇಳಿಸಿದಳು.

“ನಿನ್ನೆ ನೀ ಆಫೀಸಿಗಿ ಹೋದಾಗ ಒಬ್ಬಾವ ಗಾಡಿ ನೋಡಾಕ ಬಂದಿದ್ದ. ಮಾರೂದು ನನ್ನ ಕೇಳಲಾರದ ಗೊತ್ತ ಮಾಡಿದಿ. ನಾ ಇಲ್ಲಿ ಕೂಡಾಕ ನಿನ್ನ ಪರ್ಮಿಶನ್ ಬೇಕೇನು?”

ಅಪ್ಪ ಕೆಲಸಕ್ಕೆ ಊರಿನ ಇನ್ನೊಂದು ತುದಿಯ ಫೋರ್ಟಿಗೆ ಲೋಕಲ್ ರೈಲಿನಲ್ಲೇ ಹೋಗುತ್ತಿದ್ದರು. ಕಾರು ಭಾನುವಾರಕ್ಕೆ ಮಾತ್ರ. ಆದರೂ, ನನಗೆ ಆಗಷ್ಟೇ ನೆನಪಾಯಿತು, ದಿನಾ ಬೆಳಿಗ್ಗೆ ಅಪ್ಪ ಅವ್ವ ಇಬ್ಬರೂ ಕೆಳಗಿಳಿದು, ಎಲ್ಲಿಗೂ ಹೋಗದೆ, ಇಂಜಿನ್ ಚಾಲೂ ಮಾಡಿ ಕೂರುತ್ತಿದ್ದರು. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಲ್ಲಿ ನಾನಿರುತ್ತಿದ್ದೆ, ಅಜ್ಜಿ ಇರುತ್ತಿದ್ದಳು. ಬಾಗಿಲು ಹಾಕಿಕೊಂಡು ಮಾತಾಡಲು ಅವರಿಗಿದ್ದ ಜಾಗ ಈ ಕಾರೊಂದೇ.

ಈಗ ಅವ್ವ ಬಲಬದಿಯ ಬಾಗಿಲು ತೆರೆದು, ಕೀ ತಿರುಗಿಸಿ, ಮುಂದಿನಿಂದ ಸುತ್ತಿ ಬಂದು ತನ್ನ ಸೀಟಿನಲ್ಲಿ ಕೂರುತ್ತಿದ್ದಳು.

ಆ ಮೀಟರನ್ನು ನಂಬಿ ನಾನು ನಿರ್ಧರಿಸಲು ಹೊರಟಿದ್ದೆ. ಅದು ಲೆಕ್ಕ ಇಟ್ಟದ್ದು ರಸ್ತೆಯದ್ದು ಮಾತ್ರ. ಬೆಲ್ಟ್ ದಿನಾ ಸುತ್ತುತ್ತಲೇ ಇತ್ತು, ಅಪ್ಪನ ಕಾಲದಲ್ಲೂ, ಆಮೇಲೂ. ಇಂಥ ಒಂದು ಬೆಳಿಗ್ಗೆ, ಅವಳು ಬಲಕ್ಕೆ ತಿರುಗಿ ಏನೋ ಕೇಳಿ ಉತ್ತರಕ್ಕೆ ಕಾಯುತ್ತಿರುವಾಗ, ಅದು ಹರಿದು ಎಲ್ಲ ನಿಶ್ಶಬ್ದವಾಗಬಹುದಿತ್ತು. ಆಗ ಅವಳು ಅದನ್ನು ಏನೆಂದು ತಿಳಿದುಕೊಳ್ಳುತ್ತಿದ್ದಳೋ.

ಸುತ್ತಿ ಹೋಗಿ ಬಲಬದಿಯ ಬಾಗಿಲು ತೆರೆದು, ಕೈ ಚಾಚಿ ಕೀ ತಿರುಗಿಸಿ ಇಂಜಿನ್ ಆರಿಸಿದೆ. ಖಾಲಿ ಸೀಟಿನ ಮೇಲೆ ಬಾಗುವಾಗ ಅದಕ್ಕೆ ನನ್ನ ಮೈ ತಾಗದಂತೆ ಎಚ್ಚರವಹಿಸಿದೆ. ಯಾಕೆಂದು ಕೇಳಿದರೆ ಹೇಳಲಾರೆ.

ಮರುದಿನ ಬೆಳಿಗ್ಗೆ ಮೆಕ್ಯಾನಿಕ್‌ಗೆ ಫೋನ್ ಮಾಡಿ, ಹೊಸ ಬೆಲ್ಟ್ ಹಾಕಿಬಿಡಿ, ಕಾರು ಮಾರುವುದಿಲ್ಲ ಎಂದೆ. ಚಾಲೂ ಮಾಡಿ ತರಲು ಧೈರ್ಯವಿಲ್ಲ, ಎಳೆದೊಯ್ಯುವ ಗಾಡಿ ಕಳಿಸಿ ಎಂದೆ.

“ಕಮ್ಮಿ ಓಡೈತಿ ಅಂದಿದ್ರಲ್ರಿ?”

“ದಿನಾ ನಿಂತಲ್ಲೇ ಚಾಲೂ ಇರ್ತಿತ್ತಂತೆ.”

“ಯಾರ ಚಾಲೂ ಮಾಡ್ತಿದ್ರು?”

“ಎಳೆಯುವ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ?” ಎಂದು ಕೇಳಿದೆ.

ಗಾಡಿ ಬಂತು. ಕಾರಿನ ಮುಂಭಾಗವನ್ನು ಮೇಲೆತ್ತಿ ಕಟ್ಟಿದರು. ಗೇಟಿನ ತಿರುವಿನಲ್ಲಿ ಯಾರೂ ಇಲ್ಲದ ಸ್ಟೀರಿಂಗ್ ತುಸು ಎಡಕ್ಕೆ ಹೊರಳಿತು. ಅವ್ವ ಕಾರಿನ ಬಲಗಡೆಯ ಕಿಟಕಿಯನ್ನೇ ನೋಡುತ್ತ, “ಸಾವಕಾಶ ಹೋಗ್ರಿ,” ಅಂದಳು.

ಗಾಡಿಯವನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಗೇಟಿನವರೆಗೆ ಓಡಿಹೋಗಿ ಅದನ್ನೇ ಅವನಿಗೆ ಹಿಂದಿಯಲ್ಲಿ ಹೇಳಿದೆ.