ಮಾಣಿಕನ ಕಾಲಿಗೊಪ್ಪಿದ ಕ್ಲಚ್ಚು

ಎಪ್ಪತ್ತೆರಡರ ಬರಗಾಲದಲ್ಲಿ ಭಾಲ್ಕಿಯ ಕಾಳಿನ ವ್ಯಾಪಾರಿ ವೈಜಿನಾಥ ಸಾವಕಾರರಿಗೆ ಮಾರಲು ತೊಗರಿಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಹಾಗೆಂದು ಅವರು ಕೈಕಟ್ಟಿ ಕೂರುವ ಆಸಾಮಿಯಲ್ಲ. ಊರು ಬಿಟ್ಟು ಹೋಗುವ ಜನ ಬೇಕಾದಷ್ಟು ಇದ್ದರಲ್ಲ, ಅವರನ್ನು ಔರಾದಿನಿಂದ ಭಾಲ್ಕಿ ಸ್ಟೇಷನ್ನಿಗೆ ಜೀಪಿನಲ್ಲಿ ತುಂಬಿ ತರುವ ಧಂದೆ ಹಿಡಿದರು. ಆ ಜೀಪಿನ ಡ್ರೈವರ್ ಮಾಣಿಕ, ಔರಾದಿನವನೇ.

ಮಾಣಿಕನಿಗೆ ಊರು ಬಿಡುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಪುಣೆಗೆ ಹೊರಟವರ ಗಂಟುಗಳನ್ನು ಜೀಪಿಗೆ ಕಟ್ಟುತ್ತಲೇ, ಮಳೆ ಕೈಕೊಟ್ಟಿತೆಂದು ಹುಟ್ಟಿದ ನೆಲಕ್ಕೆ ಬೆನ್ನು ತೋರಿಸುವುದು ಯಾವ ಗಂಡಸುತನ ಎಂದು ಬುದ್ಧಿ ಹೇಳುತ್ತಿದ್ದ. ಜೀಪಿನಲ್ಲಿ ಜಾಗ ಬೇಕಲ್ಲ, ಅವರು ಪಾಪ ತಲೆ ತಗ್ಗಿಸಿ ಹೂಂ ಅನ್ನುತ್ತಿದ್ದರು. ನೆರೆಯವರೆಲ್ಲ ಹೋದ ಮೇಲೆ ಹೆಂಡತಿ ಕೇಶರಬಾಯಿ ನಾವೂ ಹೋಗೋಣವೇ ಎಂದು ಒಮ್ಮೆ ಕೇಳಿದಳು. ಸ್ಟೇರಿಂಗ್ ತನ್ನ ಕೈಯಲ್ಲಿರುವ ತನಕ ಆ ಮಾತು ಎತ್ತಬೇಡ ಎಂದು ಬಾಯಿ ಮುಚ್ಚಿಸಿದ. ಹೊರಗೆ ಎಷ್ಟು ಜಂಬವಿದ್ದರೂ ಒಳಗೆ ಅವನಿಗೆ ಹೆದರಿಕೆ. ಜೀಪು ಕೈಬಿಟ್ಟರೆ ತಾನೂ ಗಂಟು ಕಟ್ಟಬೇಕಾದವನೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹೆದರಿಕೆಗೆ ಕಾರಣವೂ ಇತ್ತು. ಕ್ಲಚ್ ಒತ್ತುವುದು ದಿನದಿನಕ್ಕೆ ಕಷ್ಟವಾಗುತ್ತ ಬಂದು, ಗೇರ್ ಹಾಕಿದಾಗಲೆಲ್ಲ ಜೀಪು ಕರಕರ ಎನ್ನುತ್ತಿತ್ತು. ಸಾವಕಾರರ ಕಿವಿ ಬಲು ಚುರುಕು. ಕ್ಲಚ್ ಪ್ಲೇಟ್ ಸವೆದಿದೆ ಎಂದು ಅವರಿಗೆ ಸಮಜಾಯಿಷಿ ಹೇಳಿ, ಮಾಣಿಕ ಗಾಡಿಯನ್ನು ಬೀದರಿನ ಮಿಸ್ತ್ರಿ ನಜಮೋದ್ದೀನನ ಬಳಿ ಒಯ್ದ.

ಮಿಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ, ಕ್ಲಚ್ ಬಿಟ್ಟ. ಇಂಜಿನ್ ತಟ್ಟನೆ ನಿಂತಿತು. ಪ್ಲೇಟ್ ಸವೆದಿದ್ದರೆ ಅದು ಜಾರುತ್ತ ಇಂಜಿನ್ ಓಡುತ್ತಲೇ ಇರಬೇಕಿತ್ತು. ಆಮೇಲೆ ಕೈಯಿಂದ ಪೆಡಲ್ ಒತ್ತಿದ. ಮೇಲೆ ಒಂದಿಷ್ಟು ಸಡಿಲ, ಆಮೇಲೆ ಬಿಗಿ; ಇರಬೇಕಾದ ಹಾಗೆಯೇ ಇತ್ತು. ಪೆಡಲಿನ ರಬ್ಬರು ಮಾತ್ರ ಒಂದೇ ಮೂಲೆಯಲ್ಲಿ ಕಬ್ಬಿಣ ಕಾಣುವಷ್ಟು ಸವೆದಿತ್ತು. ಒತ್ತಿ ತೋರಿಸು ಎಂದಾಗ ಮಾಣಿಕ ಕಾಲನ್ನು ಓರೆ ಮಾಡಿ, ಪಾದದ ಅಂಚಿನಿಂದ ಅರ್ಧಕ್ಕೆ ಒತ್ತಿ ಹಲ್ಲು ಕಚ್ಚಿದ.

"ಕ್ಲಚ್ಚಿಗಿ ಏನೂ ಆಗಿಲ್ರಿ ಮಾಣಿಕರಾವ. ಸವದದ್ದು ನಿಮ್ಮ ಮಣಕಾಲ."

ಮಾಣಿಕ ಅವನ ಕೈ ಹಿಡಿದುಕೊಂಡ. ಸಾವಕಾರರಿಗೆ ಇದು ತಿಳಿದರೆ ತನ್ನ ಅನ್ನ ಹೋಯಿತು ಎಂದು ಗೋಗರೆದ. ನಜಮೋದ್ದೀನ ಗಡ್ಡ ಕೆರೆದುಕೊಂಡು ಜೀಪಿನ ಅಡಿ ತೂರಿ, ಕ್ಲಚ್ ಎಳೆಯುವ ಕೇಬಲ್ಲಿನ ನಟ್ಟನ್ನು ಬಿಗಿ ಮಾಡಿದ. ಇನ್ನು ಪೆಡಲನ್ನು ತಳದ ತನಕ ತುಳಿಯಬೇಕಿರಲಿಲ್ಲ, ಮೇಲೆ ತುಸು ಒತ್ತಿದರೆ ಸಾಕಿತ್ತು; ಬಿಡುವಾಗಲೂ ಪೆಡಲು ತೀರಾ ಮೇಲೆ ಬಂದ ಮೇಲೆಯೇ ಕ್ಲಚ್ ಹಿಡಿಯುತ್ತಿತ್ತು. ಓಡಿಸುವಾಗ ಅದರ ಮೇಲೆ ಕಾಲು ಇಟ್ಟುಕೊಂಡು ಕೂತರೆ ಪ್ಲೇಟ್ ನಿಜವಾಗಿಯೂ ಸುಟ್ಟುಹೋಗುತ್ತದೆ ಎಂದು ಎಚ್ಚರಿಸಿ ಕಳಿಸಿದ.

ಅಷ್ಟರಲ್ಲಿ ಮಾಣಿಕ ಕುಂಟುವುದನ್ನು ಕಂಡಿದ್ದ ಸಾವಕಾರರು ಹೆಂಡತಿಯ ತಮ್ಮ ಮಡೆಪ್ಪನನ್ನು ಕರೆಸಿದ್ದರು. ಮಡೆಪ್ಪ ಲಾರಿ ಓಡಿಸಿದವನು. ಮೀಸೆ ತಿರುವಿ ಹತ್ತಿ ಕುಳಿತು ಕ್ಲಚ್ಚನ್ನು ತಳಕ್ಕೆ ತುಳಿದು, ಮೆಲ್ಲಗೆ ಬಿಡುತ್ತ ಬಂದ. ಇಂಜಿನ್ ಅರಚಿತು, ಜೀಪು ಅಲುಗಲಿಲ್ಲ. ಬೇಸತ್ತು ಕಾಲು ಪೂರ್ತಿ ಎತ್ತಿದ್ದೇ ತಡ, ಛಂಗನೆ ಹಾರಿ ನಿಂತುಬಿಟ್ಟಿತು. ಮತ್ತೆ ಮತ್ತೆ ಅದೇ ಆಟ. ಬಜಾರದ ಜನ ನಗತೊಡಗಿದಾಗ ಮಡೆಪ್ಪ, ಇದು ಗಾಡಿಯಲ್ಲ ಹುಚ್ಚು ಕುದುರೆ ಎಂದು ಚಾವಿ ಎಸೆದು ಹೊರಟೇ ಹೋದ. ಮಾಣಿಕ ಹತ್ತಿ ಸಲೀಸಾಗಿ ಓಡಿಸಿ ತೋರಿಸಿದ.

ಅಂದಿನಿಂದ ಸಾವಕಾರರು, ತಮ್ಮ ಜೀಪು ಮಾಣಿಕನ ಕಾಲಿಗಲ್ಲದೆ ಬೇರೆ ಯಾರಿಗೂ ಬಗ್ಗುವುದಿಲ್ಲ ಎಂದು ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಮಾಣಿಕ ಇಲ್ಲ ಎನ್ನಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ಮುಂದಿನ ಬೇಸಿಗೆಗೆ, ಹೋಗಬೇಕಾದವರೆಲ್ಲ ಹೋಗಿ ಮುಗಿದರು. ಜೀಪಿಗೆ ಜನ ಸಿಗದಾದಾಗ ಸಾವಕಾರರು ಅದನ್ನು ಪುಣೆಯ ಒಬ್ಬ ಗುತ್ತೇದಾರನಿಗೆ ತೋರಿಸಿದರು. ಗುತ್ತೇದಾರ ತಾನೇ ಓಡಿಸಿ, ಮುಗ್ಗರಿಸಿ, ಬೇಡವೆಂದು ಹಿಂದೆ ಸರಿದ. ಆಗ ಸಾವಕಾರರು ಜೀಪಿನ ಜೊತೆ ಡ್ರೈವರನನ್ನೂ ಕೊಡುವುದಾಗಿ ಹೇಳಿ ವ್ಯಾಪಾರ ಕುದುರಿಸಿದರು.

ಸುದ್ದಿ ಕೇಳಿ ಮಾಣಿಕನ ಜೀವ ಬಾಯಿಗೆ ಬಂತು. ಸಾವಕಾರರ ಮುಂದೆ ಮೊಣಕಾಲಿನ ಕಥೆ, ಮಿಸ್ತ್ರಿಯ ಕಥೆ ಎಲ್ಲ ಬಾಯಿಬಿಟ್ಟ. "ಒಂದು ನಟ್ಟ ಸಡ್ಲ ಮಾಡಿದ್ರ ಯಾರ ಬೇಕಾದ್ರೂ ಓಡಸ್ತಾರ್ರಿ ಸಾವಕಾರ್ರ."

ಸಾವಕಾರರು ಅವನ ಬೆನ್ನು ತಟ್ಟಿದರು. "ಗುಣ ಇದ್ದವ್ರು ಹಿಂಗೇ ಸಣ್ಣಾಗಿ ಮಾತಾಡ್ತಾರ. ನಿನ್ನಂಥವನ ಬಿಟ್ಟುಕೊಡ್ಲಾಕ ನನಗರ ಮನಸ್ಸದ ಏನು?"

ಪಾನಾ ತಂದು ನಟ್ಟು ತಿರುಗಿಸಿ ತೋರಿಸಬಹುದಿತ್ತು. ತೋರಿಸಿದರೆ ಜೀಪು ಪುಣೆಗೆ ಹೋಗುತ್ತದೆ, ತಾನು ಊರಲ್ಲಿ ಉಳಿಯುತ್ತಾನೆ. ಕೆಲಸವಿಲ್ಲದೆ, ಈ ಕಾಲಿನಲ್ಲಿ ಬರಗಾಲದ ಕಾಮಗಾರಿಯ ಮಣ್ಣು ಹೊರುತ್ತ. ಮಾಣಿಕ ಪಾನಾ ತರಲಿಲ್ಲ.

ಕೇಶರಬಾಯಿ ಮನೆಗೆ ಬೀಗ ಹಾಕಿ ಬಂದು ಜೀಪಿನಲ್ಲಿ ಅವನ ಪಕ್ಕ ಕುಳಿತಳು. ಔರಾದು ಹಿಂದೆ ಸರಿಯುವ ತನಕ ಮಾಣಿಕ ನಾಚಿಕೆ ಬಿಟ್ಟು ಅತ್ತ. ಅವಳು ಅವನನ್ನು ಅಳಲು ಬಿಟ್ಟಳು. ಆಮೇಲೆ ಸೆರಗಿನಿಂದ ಅವನ ಮುಖ ಒರೆಸಿ ಮೆಲ್ಲಗೆ ಹೇಳಿದಳು:

"ಒಂದು ಮಾತು ನೆನಪಿಡ್ರಿ. ಪುಣೆದಾಗ ಯಾ ಮಿಸ್ತ್ರಿಗೂ ಈ ಗಾಡಿ ಅಡಿ ಹೋಗ್ಲಾಕ ಬಿಡಬ್ಯಾಡ್ರಿ."