ಎಬ್ಬಿಸುವ ಕೆಲಸ

ಹತ್ತನೇ ತರಗತಿಯ ಮಕ್ಕಳನ್ನು ಬೆಳಗಿನ ಐದಕ್ಕೆ ಫೋನ್ ಮಾಡಿ ಎಬ್ಬಿಸುವುದೂ ಗಣಿತದ ಟೀಚರಿನ ಕೆಲಸ ಎಂದು ನಾನು ನೌಕರಿಗೆ ಸೇರಿದಾಗ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಫಲಿತಾಂಶ ಯಾವಾಗಲೂ ಕೆಳಗೇ. ಅದನ್ನು ಮೇಲೆತ್ತಲು ಮೇಲಿನವರಿಗೆ ಹೊಳೆಯುವ ಉಪಾಯಗಳೆಲ್ಲ ಕೊನೆಗೆ ನಮ್ಮ ತಲೆಯ ಮೇಲೆ ಬಂದು ಕೂಡುತ್ತವೆ. ದೀಪಾವಳಿ ಕಳೆದ ಮೇಲೆ ಮಕ್ಕಳನ್ನು ಶಿಕ್ಷಕರೊಳಗೆ ಹಂಚುತ್ತಾರೆ. ಅದಕ್ಕೆ ದತ್ತು ಅಂತ ಹೆಸರು. ಮದುವೆಯಾಗದ ನನಗೆ ವರ್ಷಕ್ಕೊಂದು ಹಿಂಡು ದತ್ತು ಮಕ್ಕಳು. ಸ್ಟಾಫ್ ರೂಮಿನಲ್ಲಿ ಈ ಮಾತಿಗೆ ಬೇರೆಯವರು ನಗುವ ಮೊದಲೇ ನಾನು ನಕ್ಕುಬಿಡುತ್ತಿದ್ದೆ.

ಸೇಡಂನಿಂದ ಚಿಂಚೋಳಿ ರಸ್ತೆ ಹಿಡಿದು, ನಡುವೆ ಬಸ್ಸಿಳಿದು, ತೊಗರಿ ಹೊಲಗಳ ಬದಿಗೆ ನಡೆದರೆ ನಮ್ಮ ಶಾಲೆ. ನಾನಿರುವುದು ಸೇಡಂನಲ್ಲಿ, ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ. ಹುಟ್ಟಿದ್ದು ಶಹಾಬಾದ್. ಅಲ್ಲಿ ನನ್ನವರು ಅನ್ನುವವರು ಈಗ ಉಳಿದಿಲ್ಲ. ದಿನವಿಡೀ ಗಂಟಲು ಹರಿಯುವಂತೆ ಮಾತಾಡಿ ಬಂದು ಬೀಗ ತೆಗೆದರೆ ಮರುದಿನದವರೆಗೆ ನನ್ನ ಬಾಯಿಂದ ಒಂದು ಮಾತು ಹೊರಡುವುದಿಲ್ಲ, ಹೊರಡಿಸುವವರೂ ಇಲ್ಲ. ಹೀಗಾಗಿ ನನ್ನ ದಿನದ ಮೊದಲ ಮಾತು ಆ ಐದು ಗಂಟೆಯ ಫೋನಿನಲ್ಲೇ ಆಗುತ್ತಿತ್ತು.

'ಎದ್ದೀಯೇನಪಾ?' ಎಂದು ಕೇಳಿದರೆ ಒಂದು ಮನೆಯಲ್ಲಿ ಅಜ್ಜಿ ನನ್ನನ್ನೇ ಬೈಯುತ್ತಿದ್ದಳು. ಇನ್ನೊಂದು ಮನೆಯಲ್ಲಿ ಹುಡುಗ ನಿದ್ದೆಗಣ್ಣಲ್ಲೇ 'ಪ್ರಸೆಂಟ್ ಮೇಡಂ' ಅನ್ನುತ್ತಿದ್ದ. ಒಬ್ಬ ಹುಡುಗಿಯ ತಾಯಿ ಮಾತ್ರ ಮೊದಲ ರಿಂಗಿಗೇ ಎತ್ತುತ್ತಿದ್ದಳು. ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಗೆ ಕೂಲಿಗೆ ಹೋಗುವವಳು, ಆ ಹೊತ್ತಿಗೆ ರೊಟ್ಟಿ ಬಡಿಯುತ್ತಿರುತ್ತಿದ್ದಳು. 'ಎದ್ದಾಳ್ರಿ ಟೀಚರ್, ಓದ್ಲಿಕತ್ತಾಳ್ರಿ' ಎಂದು ಪಿಸುದನಿಯಲ್ಲಿ ಹೇಳುತ್ತಿದ್ದಳು. ಅಷ್ಟು ಮೆಲ್ಲಗೆ ಹೇಳುತ್ತಿದ್ದುದು ಮಗಳಿಗೆ ಎಚ್ಚರವಾಗಬಾರದೆಂದೇ. ಸುಳ್ಳು ಅಂತ ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಅಂತ ಅವಳಿಗೂ ಗೊತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲಾಮೇಲೆ ಆ ಸುಳ್ಳು ಕೇಳದಿದ್ದರೆ ಬೆಳಗಾದಂತೆ ಅನಿಸುತ್ತಿರಲಿಲ್ಲ.

ಆ ವರ್ಷ ಸಂಕ್ರಾಂತಿ ಆದ ಮೇಲೆ ಒಂದು ದಿನ, ಬೋರ್ಡಿನ ಮೇಲೆ ವರ್ಗ ಸಮೀಕರಣ ಬರೆದವಳು ಮಕ್ಕಳ ಕಡೆ ತಿರುಗಲು ಹೋದೆ. ಆಗಲಿಲ್ಲ. ತಲೆ ಸುತ್ತಲಿಲ್ಲ, ಎದೆ ನೋಯಲಿಲ್ಲ, ಕಾಲು ಮಾತ್ರ ಒಲ್ಲೆ ಅಂದಿತು. ಆ ಮುಖಗಳನ್ನು ನೋಡುವುದು ನನಗೆ ಬೇಡವಾಗಿತ್ತು. ಮಕ್ಕಳು ಪಾಪ, ಇದೂ ಏನೋ ಹೊಸ ವಿಧಾನ ಇರಬೇಕೆಂದು ಲೆಕ್ಕ ಬರೆದುಕೊಂಡು ಸುಮ್ಮನೆ ಕೂತವು. ಗಂಟೆ ಹೊಡೆಯುವವರೆಗೆ ನಾನು ಗೋಡೆಗೆ ಮುಖ ಮಾಡಿಯೇ ನಿಂತಿದ್ದೆ.

ಹೆಡ್‌ಮಾಸ್ಟರರ ಕಿವಿಗೆ ಅದು ಬಿತ್ತು. ಕೆಟ್ಟ ಮನುಷ್ಯರಲ್ಲ. 'ಮೇಡಂ, ಆರಾಮ ಇಲ್ಲೇನ್ರಿ? ರಜಾ ತಗೋರಿ' ಅಂದರು. ನಾನು ತಲೆಯಾಡಿಸುವಷ್ಟರಲ್ಲಿ, 'ಪರೀಕ್ಷಾ ಮುಗದ ಮ್ಯಾಲ' ಅಂದರು.

ಅದೇ ತಿಂಗಳು ಚಿತ್ತಾಪುರದಲ್ಲಿ ನಮಗೆಲ್ಲ ಮಾನಸಿಕ ಸ್ಥೈರ್ಯದ ತರಬೇತಿ ನಡೆಯಿತು. ತರಬೇತಿ ಕೊಡಲು ಬಂದವರು ಕಣ್ಣು ಮುಚ್ಚಿ ಉಸಿರನ್ನು ಗಮನಿಸಿ ಅಂದರು. ಅರ್ಧ ಹಾಲ್ ನಿದ್ದೆ ಹೋಯಿತು. ಅವರು ಎಲ್ಲರನ್ನೂ ಎಬ್ಬಿಸಿ, ಈಗ ಹೇಗನಿಸುತ್ತಿದೆ ಎಂದು ಕೇಳಿದರು. ಇನ್ನೊಂದು ತಾಸು ಬಿಟ್ಟಿದ್ದರೆ ನಿಜವಾಗಿ ಚೆನ್ನಾಗಿರುತ್ತಿತ್ತು ಎಂದು ನಾನು ಹೇಳಲಿಲ್ಲ. ಊಟದ ಹೊತ್ತಿಗೆ, ಹಿಂದೆ ನನ್ನ ಜೊತೆ ಪಾಠ ಮಾಡುತ್ತಿದ್ದು ಈಗ ಅಧಿಕಾರಿಯಾಗಿರುವವರು ಸಿಕ್ಕರು. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು. 'ಇಲ್ಲಿ ಕಚೇರಿಗೆ ಬಂದುಬಿಡ್ರಿ, ನಿಯೋಜನೆ ಮ್ಯಾಲ ತಗೋತೀವಿ. ಹುಡುಗರ ಕಾಟ ಇಲ್ಲ, ಕುಂತು ಕೆಲಸ. ಬ್ಯಾಸಗಿ ರಜಾ ಮುಗಿಯೂದ್ರಾಗ ಹೇಳ್ರಿ' ಅಂದರು.

ಹೀಗೆ ಹೋದವರು ಮರಳಿ ತರಗತಿಗೆ ಬಂದದ್ದನ್ನು ನಾನು ಕಂಡಿಲ್ಲ. ಪಾಠ ಮಾಡುವುದೊಂದು ಬಿಟ್ಟರೆ ನನಗೆ ಬೇರೆ ಏನೂ ಬರುವುದಿಲ್ಲ. ಅದನ್ನೂ ಬಿಟ್ಟರೆ ನಾನು ಯಾರು ಎಂಬ ಭಯ ಇತ್ತು. ಭಯಕ್ಕಿಂತ ದಣಿವು ದೊಡ್ಡದಾಗಿತ್ತು. ಪರೀಕ್ಷೆ ಮುಗಿಯುವ ಹೊತ್ತಿಗೆ ಹೋಗುವುದೆಂದೇ ಗಟ್ಟಿ ಮಾಡಿಕೊಂಡಿದ್ದೆ, ಹೇಳುವುದೊಂದೇ ಬಾಕಿ.

ರಜೆಯಲ್ಲಿ ಒಂದು ದಿನ ಎಂದಿನಂತೆ ಐದಕ್ಕೆ ಎಚ್ಚರವಾಯಿತು. ಕೈ ತಾನೇ ಫೋನ್ ಹಿಡಿದು ನಂಬರ್ ಒತ್ತಿತು. ಮೊದಲ ರಿಂಗಿಗೇ ಆ ತಾಯಿ ಎತ್ತಿದಳು.

'ಎದ್ದಾಳೇನ್ರಿ?' ಅಂದೆ.

'ಟೀಚರ್, ಪರೀಕ್ಷಾ ಮುಗದಾವಲ್ರಿ?'

ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು. ತಪ್ಪಾಯಿತು, ರೂಢಿ, ಅಂತ ಏನೇನೋ ತೊದಲಿದೆ. ಅವಳು ನಗಲಿಲ್ಲ, ಫೋನ್ ಇಡಲೂ ಇಲ್ಲ.

'ಚಾ ಆತೇನ್ರಿ?'

'ಇನ್ನೂ ಇಲ್ಲ.'

'ಮನ್ಯಾಗ ಯಾರ್ ಅದಾರ್ರಿ?'

'ಯಾರೂ ಇಲ್ಲ. ನಾ ಒಬ್ಬಾಕೀನೇ.'

'ಹಂಗಾರ ನಿಮಗ ಯಾರ್ ಎಬ್ಬಸ್ತಾರ್ರಿ?'

ನನ್ನ ಬಿಪಿ ಕೇಳಿದವರಿದ್ದರು, ಸಂಬಳ ಕೇಳಿದವರಿದ್ದರು, ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಂತೂ ಬೇಕಾದಷ್ಟು. ಇದನ್ನು ಯಾರೂ ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ. ಮುಖ ಮುಚ್ಚಿಕೊಳ್ಳುವ ಅಗತ್ಯವಿರಲಿಲ್ಲ, ನೋಡುವವರು ಯಾರಿದ್ದರು. ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

'ನನಗ ಭಾಳ ಸಾಕಾಗ್ಯಾದವ್ವಾ' ಅಂದೆ. ಈ ಮಾತನ್ನು ಜೋರಾಗಿ ಹೇಳಿದ್ದು ಅದೇ ಮೊದಲು.

ಗಟ್ಟಿಯಾಗಿರಿ ಅನ್ನುತ್ತಾಳೆ ಅಂದುಕೊಂಡೆ. ಸ್ಟಾಫ್ ರೂಮಿನಲ್ಲಿ ಎಲ್ಲರೂ ಅದನ್ನೇ ಅನ್ನುತ್ತಿದ್ದರು.

'ಸಾಕಾದ್ರ ಬಿಟ್ಟುಬಿಡ್ರಿ ಟೀಚರ್' ಅಂದಳು. 'ನನ್ ಮಗಳು ಪಾಸ್ ಆಗ್ಲಿ, ಬಿಡ್ಲಿ. ನೀವ್ ಮಲ್ಕೋರಿ. ಇವತ್ತರ ಮಲ್ಕೋರಿ.'

ಮಲಗಿದೆ. ಬಿಸಿಲು ಕಾಲಿನ ಮೇಲೆ ಬಂದು ಸುಡುವವರೆಗೆ ಎಚ್ಚರವಾಗಲಿಲ್ಲ. ಅಂಥ ನಿದ್ದೆ ನನಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ.

ರಜೆ ಮುಗಿಯುವ ಮುಂಚೆ ಅಧಿಕಾರಿಗೆ ಫೋನ್ ಮಾಡಿ ಬರುವುದಿಲ್ಲ ಎಂದೆ. ಕಾರಣ ಕೇಳಿದರು. 'ಚಿತ್ತಾಪುರದ ಬಿಸಲು ತಾಳಂಗಿಲ್ರಿ' ಅಂದೆ, ಸೇಡಂನಲ್ಲಿ ಮಂಜು ಬೀಳುತ್ತದೇನೋ ಅನ್ನುವ ಹಾಗೆ. ನಿಜವಾದ ಕಾರಣ ನನಗೂ ಅರ್ಧವೇ ಗೊತ್ತು. ಗಟ್ಟಿಯಾಗಿರು ಅನ್ನುವವರ ನಡುವೆ ಒಬ್ಬಳು ಬಿಡು ಅಂದಳು, ಅಂದ ಮೇಲೆ ಬಿಡಲೇಬೇಕು ಅನ್ನುವ ಅವಸರ ಹೋಯಿತು. ಹೆಡ್‌ಮಾಸ್ಟರರಿಗೆ ಮಾತ್ರ ಒಂದು ಹೇಳಿದೆ. ಪಾಠ ಮಾಡುತ್ತೇನೆ, ಸ್ಪೆಷಲ್ ಕ್ಲಾಸ್ ಮಾಡುತ್ತೇನೆ, ಬೆಳಗಿನ ಫೋನ್ ಮಾಡುವುದಿಲ್ಲ. ಅವರು ಎರಡು ದಿನ ಮುಖ ಬಿಗಿದುಕೊಂಡು ಓಡಾಡಿ ಆಮೇಲೆ ಸುಮ್ಮನಾದರು.

ಈಗ ತರಗತಿಯಲ್ಲಿ ನಿಲ್ಲುತ್ತೇನೆ. ಕೆಲವು ದಿನ ಕಷ್ಟ, ಕೆಲವು ದಿನ ಮಕ್ಕಳ ತಲೆಹರಟೆಗೆ ನಗುವೂ ಬರುತ್ತದೆ. ಆ ಹುಡುಗಿ ಗಣಿತದಲ್ಲಿ ಹೇಗೋ ದಡ ಸೇರಿ ಈಗ ಚಿಂಚೋಳಿಯಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳ ತಾಯಿಯ ನಂಬರ್ ಇನ್ನೂ ಇದೆ. ಐದಕ್ಕೆ ಅವಳು ಎದ್ದಿರುತ್ತಾಳೆ, ನಾನೂ ಎದ್ದಿರುತ್ತೇನೆ. ಎಷ್ಟೋ ಸಲ ಫೋನ್ ಕೈಗೆತ್ತಿಕೊಂಡು, ಏನೆಂದು ಮಾಡಲಿ, ಕಾರಣವೇನು ಹೇಳಲಿ ಎಂದು ಹೊಳೆಯದೆ ಮತ್ತೆ ಕೆಳಗಿಟ್ಟಿದ್ದೇನೆ. ಇಷ್ಟು ವರ್ಷ ಇಷ್ಟೊಂದು ಜನಕ್ಕೆ ಫೋನ್ ಮಾಡಿದವಳಿಗೆ, ಕೆಲಸವಿಲ್ಲದೆ ಒಬ್ಬರಿಗೆ ಫೋನ್ ಮಾಡುವುದು ಇನ್ನೂ ಬಂದಿಲ್ಲ.